ನಿಮಗಿದು ಗೊತ್ತೆ?: ಮಂತುಪುಳಿಗೂ ಕೊಲೆಸ್ಟರಾಲ್ ಮಾತ್ರೆಗೂ ಗುರಿ ಒಂದೇ!

ಸುಳ್ಯ, ಕಡಬದ ಕಡೆ ಮೀನಿನ ಸಾರಿಗೆ ಹಾಕುವ ಮಂತುಪುಳಿ, ಅಂದರೆ ಉಪ್ಪಗೆ, ಮತ್ತು ಪುತ್ತೂರಿನ ಮನೆಗಳಲ್ಲಿ ಬೇಸಿಗೆಗೆ ಶರಬತ್ತಾಗುವ ಪುನರ್ಪುಳಿ ಹತ್ತಿರದ ನೆಂಟರು. ಎರಡರ ಸಿಪ್ಪೆಯಲ್ಲೂ ಇರುವ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ದೇಹದಲ್ಲಿ ಕೊಲೆಸ್ಟರಾಲ್ ತಯಾರಿಗೆ ಕಚ್ಚಾವಸ್ತು ಒದಗಿಸುವ ಕಿಣ್ವವೊಂದಿದೆ. ಹೆಸರು ಎಟಿಪಿ ಸಿಟ್ರೇಟ್ ಲಯೇಸ್. ಈ ಹುಳಿ ಅದನ್ನು ತಡೆಯುತ್ತದೆ ಎಂದು 1969ರಲ್ಲೇ ಪ್ರಯೋಗಾಲಯದಲ್ಲಿ ಗೊತ್ತಾಗಿತ್ತು. 2020ರಲ್ಲಿ ಅಮೆರಿಕದಲ್ಲಿ ಬೆಂಪೆಡೋಯಿಕ್ ಆಮ್ಲ ಎಂಬ ಕೊಲೆಸ್ಟರಾಲ್ ಮಾತ್ರೆಗೆ ಅನುಮತಿ ಸಿಕ್ಕಿತು. ಅದು ತಡೆಯುವುದೂ ಇದೇ ಕಿಣ್ವವನ್ನು!

ಹಿಂದೆ ಮಂತುಪುಳಿಯ ಹುಳಿಯನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲವೆಂದೇ ತಿಳಿದಿದ್ದರು. ಅದರ ನಿಜ ಗುರುತು ಹಿಡಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್, 1965ರಲ್ಲಿ. ಹೆಮ್ಮೆಪಡಬೇಕಾದ ಸಂಗತಿಯೇ.

ಹಾಗೆಂದು ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಶರಬತ್ತು ಹಿಡಿಯಬೇಡಿ. ಬೆಂಪೆಡೋಯಿಕ್ ಮಾತ್ರೆ ಹಣ್ಣಿನಿಂದ ತೆಗೆದದ್ದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹಣ್ಣಿನ ಆಮ್ಲ ಅಷ್ಟು ಖಚಿತ ಫಲ ಕೊಟ್ಟಿಲ್ಲ. ತೂಕ ಇಳಿಸಲೆಂದು ಮಾರುವ ಗಾರ್ಸಿನಿಯಾ (ಮಂತುಪುಳಿಯ ಶಾಸ್ತ್ರೀಯ ಕುಲನಾಮ) ಕ್ಯಾಪ್ಸೂಲ್ ನುಂಗಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಅದರಲ್ಲಿರುವುದು ಸಾಂದ್ರಗೊಳಿಸಿದ ಸಾರ. ಸಾರಿಗೆ ಹಾಕುವ ನಾಲ್ಕು ಒಣ ಸಿಪ್ಪೆಯ ಲೆಕ್ಕ ಬೇರೆ. ಶರಬತ್ತಿನ ಸಿರಪ್ಪಿನಲ್ಲಂತೂ ಸಕ್ಕರೆಯದೇ ಕಾರುಬಾರು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದವರಿಗೆ ಉಪ್ಪು, ಹಸಿಮೆಣಸು ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುನರ್ಪುಳಿ ಸಾರೇ ಲೇಸು.