ಸರಾಸರಿ ಬದಲಾವಣೆಯ ದರ: ಜನಗಣತಿಯಿಂದ ರಕ್ತಪರೀಕ್ಷೆಯವರೆಗೆ

ಒಂದು ಪರಿಮಾಣದ ಕೊನೆಯ ಬೆಲೆಯಿಂದ ಮೊದಲ ಬೆಲೆಯನ್ನು ಕಳೆದು, ಉಳಿದುದನ್ನು ನಡುವೆ ಸಂದ ಕಾಲದಿಂದ ಭಾಗಿಸಿದರೆ ದೊರೆಯುವುದು ಸರಾಸರಿ ಬದಲಾವಣೆಯ ದರ. ಉತ್ತರ ಧನವಾದರೆ ಏರಿಕೆ, ಋಣವಾದರೆ ಇಳಿಕೆ. ಇಷ್ಟು ಸರಳವಾದ ಲೆಕ್ಕವನ್ನು ಅಗತ್ಯವಿರುವಲ್ಲಿಯೇ ಮಾಡದೆ ಬಿಡುವುದನ್ನು ವೈದ್ಯನಾಗಿ ನಾನು ಮತ್ತೆ ಮತ್ತೆ ಕಾಣುತ್ತೇನೆ.

ನಾನು ವಾಸಿಸುವ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್ ಟೌನ್‌ಶಿಪ್ಪಿನ ಜನಸಂಖ್ಯೆ 2000ದ ಜನಗಣತಿಯಲ್ಲಿ 97,203, 2010ರಲ್ಲಿ 99,585, 2020ರಲ್ಲಿ 1,03,639. ಮೊದಲ ದಶಕದ ಹೆಚ್ಚಳ 2,382, ಅಂದರೆ ವರ್ಷಕ್ಕೆ ಸುಮಾರು 238 ಮಂದಿ. ಎರಡನೆಯ ದಶಕದಲ್ಲಿ 4,054, ವರ್ಷಕ್ಕೆ ಸುಮಾರು 405. ಇಪ್ಪತ್ತು ವರ್ಷಗಳನ್ನು ಒಟ್ಟಾಗಿ ಹಿಡಿದರೆ ವರ್ಷಕ್ಕೆ 322. (ವಾರಾಂತ್ಯದಲ್ಲಿ ಓಕ್ ಟ್ರೀ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದವರು ಈ ಅಂಕಿಗಳನ್ನು ನಂಬಲಾರರು.) 322 ಎಂಬುದು ಸರಿಯಾದ ಉತ್ತರವೇ, ಆದರೆ ಎರಡನೆಯ ದಶಕದಲ್ಲಿ ಬೆಳವಣಿಗೆ ಚುರುಕಾಯಿತೆಂಬ ಸಂಗತಿ ಅದರಲ್ಲಿ ಮರೆಯಾಗಿದೆ.

ಈ ಮರೆಯಾಗುವಿಕೆ ಊರಿನ ಲೆಕ್ಕದಲ್ಲಿ ನಿರುಪದ್ರವಿ, ದೇಹದ ಲೆಕ್ಕದಲ್ಲಿ ಹಾಗಲ್ಲ. ಮೂತ್ರಪಿಂಡಗಳು ರಕ್ತವನ್ನು ಸೋಸುವ ಪ್ರಮಾಣವನ್ನು ಇಜಿಎಫ್‌ಆರ್ ಎಂಬ ಅಂಕಿ ಅಂದಾಜಿಸುತ್ತದೆ. ನಡುವಯಸ್ಸಿನ ಬಳಿಕ ಅದು ವರ್ಷಕ್ಕೆ ಸುಮಾರು 1ರಷ್ಟು ಇಳಿಯುವುದು ಸಾಮಾನ್ಯ. ಉದಾಹರಣೆಗೆ, ಮಧುಮೇಹವಿರುವ ಒಬ್ಬರ ಅಂಕಿ 2016ರಲ್ಲಿ 92, 2022ರಲ್ಲಿ 86, 2024ರಲ್ಲಿ 72 ಎಂದುಕೊಳ್ಳೋಣ. ಮೂರೂ 60ಕ್ಕಿಂತ ಮೇಲಿರುವುದರಿಂದ ಪ್ರಯೋಗಾಲಯದ ವರದಿಯಲ್ಲಿ ಎಚ್ಚರಿಕೆಯ ಗುರುತು ಇರದಿರುವುದೇ ಹೆಚ್ಚು. ಎಂಟು ವರ್ಷಗಳ ಸರಾಸರಿ ಇಳಿಕೆ ವರ್ಷಕ್ಕೆ 2.5. ಬಿಡಿಸಿ ನೋಡಿದರೆ ಮೊದಲ ಆರು ವರ್ಷ ವರ್ಷಕ್ಕೆ 1, ಕಡೆಯ ಎರಡು ವರ್ಷ ವರ್ಷಕ್ಕೆ 7! ವರ್ಷಕ್ಕೆ 5ನ್ನು ಮೀರಿದ ನಿರಂತರ ಇಳಿಕೆಯನ್ನು ವೇಗದ ಕುಸಿತವೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಪರಿಗಣಿಸಿವೆ. ಮೂತ್ರದ ಆಲ್ಬುಮಿನ್ ಪರೀಕ್ಷೆಗೂ ಔಷಧಿಗಳ ಮರುಪರಿಶೀಲನೆಗೂ ಇದೇ ತಕ್ಕ ಸಮಯ. 60ರ ಗೆರೆ ದಾಟುವವರೆಗೆ ಕಾಯಬೇಕಾಗಿಲ್ಲ.

ಇಲ್ಲಿ 1 ಮತ್ತು 7ನ್ನು ಕೂಡಿಸಿ ಎರಡರಿಂದ ಭಾಗಿಸಿ 4 ಎನ್ನುವಂತಿಲ್ಲ. ಅವಧಿಗಳು ಸಮಾನವಾಗಿದ್ದರೆ ಮಾತ್ರ ಆ ದಾರಿ ಸಲ್ಲುತ್ತದೆ. ವುಡ್‌ಬ್ರಿಡ್ಜ್‌ನ ಎರಡು ದಶಕಗಳಿಗೆ ಅದು ಸಂದೀತು, ಆರು ಮತ್ತು ಎರಡು ವರ್ಷಗಳಿಗೆ ಸಲ್ಲದು.

ಅವಧಿಯನ್ನು ಅತಿಯಾಗಿ ಕಿರಿದಾಗಿಸುವುದೂ ಅಪಾಯಕರ. ಒಂದು ತಿಂಗಳಲ್ಲಿ ಅಂಕಿ 80ರಿಂದ 76ಕ್ಕೆ ಇಳಿದರೆ ವರ್ಷಕ್ಕೆ 48ರಷ್ಟು ಕುಸಿತವೆಂದು ಗಣಿತ ಹೇಳುತ್ತದೆ. ಆದರೆ ನೀರು ಕಡಿಮೆ ಕುಡಿದಿದ್ದರೂ, ಹಿಂದಿನ ರಾತ್ರಿ ಮಾಂಸದೂಟ ಮಾಡಿದ್ದರೂ ಅಷ್ಟು ಏರುಪೇರಾಗಬಹುದು. ಪರೀಕ್ಷೆಯನ್ನು ಮತ್ತೆ ಮಾಡಿಸಿ ನೋಡುವುದೇ ಯುಕ್ತ.

ಊರಿನಿಂದ ಬರುವ ತಂದೆತಾಯಿಗಳ ಕಡತದಲ್ಲಿ ಎಷ್ಟೋ ಸಲ ಕ್ರಿಯಾಟಿನಿನ್ ಅಂಕಿ ಮಾತ್ರ ಇರುತ್ತದೆ. ಅದರಿಂದ ಇಜಿಎಫ್‌ಆರ್ ಪಡೆಯಲು ವಯಸ್ಸು ಮತ್ತು ಲಿಂಗ ತಿಳಿದಿದ್ದರೆ ಸಾಕು. ಅಮೆರಿಕದಲ್ಲಿ 2021ರಲ್ಲಿ ಹೊಸ ಸೂತ್ರ ಬಂದಿರುವುದರಿಂದ, ಹಳೆಯ ವರದಿಗಳನ್ನೂ ಆ ದಿನಗಳ ವಯಸ್ಸನ್ನು ಹಿಡಿದು ಅದೇ ಸೂತ್ರದಿಂದ ಲೆಕ್ಕಿಸಬೇಕು. ಕಳೆಯುವ ಕೆಲಸ ಆಮೇಲೆ.