ಎರೆನೆಲದಲ್ಲಿ ವಿದ್ಯುತ್ ಜಾಲ

2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 600 ಎಕರೆಗೂ ಮಿಕ್ಕಿದ ಬಯಲಿನಲ್ಲಿ ನೆಲೆಗೊಂಡಿದೆ. ಇಂಥ ವಿಶಾಲ ಆವರಣದಲ್ಲಿ ಪ್ರಯೋಗಾಲಯ, ವಿದ್ಯಾರ್ಥಿ ನಿಲಯಗಳು ಹೆಚ್ಚಿದಂತೆ ವಿದ್ಯುತ್ ವ್ಯವಸ್ಥೆಯನ್ನೂ ಮೇಲ್ದರ್ಜೆಗೇರಿಸಬೇಕಾಗುತ್ತದೆ. ಆದರೆ ಹಳೆಯ ಪರಿವರ್ತಕವನ್ನು, ಅಂದರೆ ಜನರ ಬಾಯಲ್ಲಿ ಟಿ.ಸಿ. ಎನಿಸಿಕೊಂಡಿರುವ ಯಂತ್ರವನ್ನು, ತೆಗೆದು ದೊಡ್ಡದನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯದು, ಏಕೆಂದರೆ ಇಲ್ಲಿ ದೂರವೂ ಬಿಸಿಲೂ ಮಣ್ಣೂ ಲೆಕ್ಕಕ್ಕೆ ಬರುತ್ತವೆ.

ಮೊದಲನೆಯದು ದೂರದ ಪ್ರಶ್ನೆ. 500 ಕೆವಿಎ ಸಾಮರ್ಥ್ಯದಷ್ಟು ವಿದ್ಯುತ್ತನ್ನು 433 ವೋಲ್ಟ್‌ನಲ್ಲಿ ಒಯ್ಯಲು ಸುಮಾರು 667 ಆಂಪಿಯರ್ ಪ್ರವಾಹ ಬೇಕು, 11,000 ವೋಲ್ಟ್‌ನಲ್ಲಾದರೆ 26 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಹೆಚ್ಚಿನ ವೋಲ್ಟೇಜನ್ನು ಕಟ್ಟಡಗಳ ಸಮೀಪದವರೆಗೂ ಕೊಂಡೊಯ್ದು ಅಲ್ಲಿಯೇ ಇಳಿಸುವುದು ಲೇಸು. ಈ 11 ಕೆವಿ ಕೇಬಲನ್ನು ಉಂಗುರದಂತೆ ಸುತ್ತಿ ತಂದರೆ, ಒಂದೆಡೆ ದೋಷ ಕಾಣಿಸಿಕೊಂಡಾಗ ಆ ತುಂಡನ್ನಷ್ಟೇ ಬೇರ್ಪಡಿಸಿ ಉಳಿದ ಕಟ್ಟಡಗಳಿಗೆ ಇನ್ನೊಂದು ಬದಿಯಿಂದ ವಿದ್ಯುತ್ ಕೊಡಬಹುದು.

ಇನ್ನು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಫ್ಯಾನು, ಎ.ಸಿ.ಗಳ ಬೇಡಿಕೆ ಏರುವ ಹೊತ್ತಿಗೇ ಪರಿವರ್ತಕದ ತೈಲ ತಂಪಾಗುವುದು ಕಷ್ಟವಾಗುತ್ತದೆ. ಸುರುಳಿಗಳಿಗೆ ಸುತ್ತಿದ ಸಾಮಾನ್ಯ ನಿರೋಧಕ ಕಾಗದವು ನಿಗದಿತ ಮಿತಿಯ ಮೇಲೆ ಪ್ರತಿ 6 ಡಿಗ್ರಿ ಕಾದಂತೆ ಎರಡು ಪಟ್ಟು ವೇಗವಾಗಿ ಸವೆಯುವುದರಿಂದ, ಸಾಮರ್ಥ್ಯವನ್ನು ವರ್ಷದ ಸರಾಸರಿಗಲ್ಲ, ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದಿಸಿಯೇ ನಿರ್ಧರಿಸಬೇಕು.

ಎಲ್ಲಕ್ಕಿಂತ ಕಡೆಗಣಿತವಾಗುವುದು ನೆಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಎರೆಮಣ್ಣು ತೊಗರಿಗೆ ವರವಾದರೂ ಅರ್ಥಿಂಗ್‌ಗೆ, ಅಂದರೆ ದೋಷದಿಂದ ಸೋರಿದ ಪ್ರವಾಹವನ್ನು ಭೂಮಿಗಿಳಿಸಿ ಜೀವ ಕಾಯುವ ವ್ಯವಸ್ಥೆಗೆ, ಋತುವಿಗೊಂದು ಬಗೆಯಲ್ಲಿ ವರ್ತಿಸುತ್ತದೆ. ಈ ಮಣ್ಣಿನ ಜೇಡಿಕಣಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬಿ ಅರ್ಥಿಂಗ್ ಗುಂಡಿಯಲ್ಲಿ ಹೂತ ಲೋಹದ ಕಂಬಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ, ಆಗ ಪ್ರವಾಹ ಸಲೀಸಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಟ್ಟು, ಕಂಬಿಗೂ ನೆಲಕ್ಕೂ ನಡುವೆ ಗಾಳಿ ಸೇರಿಕೊಂಡು ರೋಧ ಏರುತ್ತದೆ. ಪ್ರವಾಹ ಭೂಮಿಗಿಳಿಯದಿದ್ದರೆ ಫ್ಯೂಸ್ ಹೋಗುವುದೂ ತಡವಾಗುತ್ತದೆ, ಯಂತ್ರದ ಮೈಯಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದುಬಿಡುತ್ತದೆ. ಆದ್ದರಿಂದ ಮೇಲ್ದರ್ಜೆಗೇರಿಸುವ ಯೋಜನೆಯಲ್ಲಿ ಕಂಬಿಗಳನ್ನು ತೇವ ಉಳಿಯುವ ಆಳದವರೆಗೆ ಇಳಿಸಿ ಒಂದಕ್ಕೊಂದು ಜೋಡಿಸುವುದು, ಗುಂಡಿಗಳಿಗೆ ಬೇಸಿಗೆಯುದ್ದಕ್ಕೂ ನೀರುಣಿಸುವುದು ಸೇರಿರಲೇಬೇಕು; ರೋಧವನ್ನು ಅಳೆಯುವ ಕೆಲಸವೂ ಮಳೆಗಾಲದ ಹಸಿನೆಲದಲ್ಲಲ್ಲ, ನೆಲ ಬಿರಿದ ದಿನಗಳಲ್ಲೇ ನಡೆಯಬೇಕು.