ಗಾಜಿನ ತೊಟ್ಟಿಯಲ್ಲಿ ಕೀಟಾಹಾರಿ ಸಸ್ಯಗಳು

ಗಿಡಗಳು ಬೇರಿನ ಮೂಲಕ ಮಣ್ಣಿನಿಂದ ಆಹಾರಾಂಶಗಳನ್ನು ಹೀರಿಕೊಳ್ಳುತ್ತವೆಂಬುದು ರೈತರೆಲ್ಲರಿಗೂ ತಿಳಿದ ವಿಷಯ. ಆದರೆ ಸಾರಜನಕ ಮತ್ತು ರಂಜಕ ತೀರಾ ಕಡಿಮೆಯಿರುವ, ನೀರು ಜಿನುಗುವ ಹುಳಿ ಮಣ್ಣಿನಲ್ಲಿ ಬೆಳೆಯುವ ಕೆಲವು ಸಸ್ಯಗಳು ಈ ಕೊರತೆಯನ್ನು ಕೀಟಗಳನ್ನು ಹಿಡಿದು ನೀಗಿಕೊಳ್ಳುತ್ತವೆ. ಇವೇ ಕೀಟಾಹಾರಿ ಸಸ್ಯಗಳು. ಚಾರ್ಲ್ಸ್ ಡಾರ್ವಿನ್ ಇವುಗಳ ಮೇಲೆ ಹಲವು ಪ್ರಯೋಗಗಳನ್ನು ನಡೆಸಿ 1875ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ನಮ್ಮ ಕರಾವಳಿಯ ಮುರಕಲ್ಲು ಬಯಲುಗಳಲ್ಲಿಯೂ ಡ್ರಾಸಿರಾ ಎಂಬ ಪುಟ್ಟ ಕೀಟಾಹಾರಿ ಗಿಡ ಕಂಡುಬರುತ್ತದೆ. ಅದರ ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟು ಹನಿಗಳಿರುತ್ತವೆ. ಕೀಟ ಅಂಟಿಕೊಂಡ ಕೂಡಲೇ ರೋಮಗಳು ಅದರತ್ತ ಬಾಗಿ ಜೀರ್ಣರಸ ಸುರಿಸುತ್ತವೆ. ಈ ಗಿಡವನ್ನು ಮನೆಯಲ್ಲಿ ಅಥವಾ ಶಾಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ಬೆಳೆಸಬಹುದು. ಆದರೆ ಒಂದು ಮಾತು ನೆನಪಿಡಿ. ಬೆಳೆಗೆ ನಾವು ಮಾಡುವ ಉಪಚಾರವೇ ಇದಕ್ಕೆ ವಿಷ. ಫಲವತ್ತಾದ ಮಣ್ಣು, ಗೊಬ್ಬರ, ಕೊಳವೆ ಬಾವಿಯ ನೀರು, ಈ ಮೂರೂ ಗಿಡವನ್ನು ಕೊಲ್ಲುತ್ತವೆ.

ಗಿಡದ ಆಯ್ಕೆ: ಡ್ರಾಸಿರಾ ಬರ್ಮಾನಿ ಮತ್ತು ಡ್ರಾಸಿರಾ ಇಂಡಿಕಾ ಉಷ್ಣ ಪ್ರದೇಶದ ಗಿಡಗಳಾದುದರಿಂದ ನಮ್ಮ ಹವೆಗೆ ಒಗ್ಗುತ್ತವೆ. ನರ್ಸರಿಗಳಲ್ಲಿ ಸಿಗುವ ವೀನಸ್ ಫ್ಲೈಟ್ರ್ಯಾಪ್ ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಗಿಡ. ಅದಕ್ಕೆ ವರ್ಷಕ್ಕೆ ಮೂರು-ನಾಲ್ಕು ತಿಂಗಳ ಚಳಿಯ ವಿಶ್ರಾಂತಿ ಬೇಕಾದುದರಿಂದ ಬೆಚ್ಚನೆಯ ತೊಟ್ಟಿಯಲ್ಲಿ ಬಹುಕಾಲ ಬಾಳುವುದಿಲ್ಲ.

ತೊಟ್ಟಿ ಮತ್ತು ಮಿಶ್ರಣ: ಮೀನು ಸಾಕುವ ಸಣ್ಣ ಗಾಜಿನ ತೊಟ್ಟಿ ಸಾಕು. ಒಂದು ಪಾಲು ಪೀಟ್ ಮಾಸ್, ಒಂದು ಪಾಲು ತೊಳೆದ ದಪ್ಪ ಮರಳು ಬೆರೆಸಿ 8ರಿಂದ 10 ಸೆಂ.ಮೀ. ಎತ್ತರಕ್ಕೆ ತುಂಬಬೇಕು. ಪೀಟ್ ಮಾಸ್ ಸಿಗದಿದ್ದರೆ ತೆಂಗಿನ ನಾರಿನ ಪುಡಿ ಬಳಸಬಹುದು. ಅದರಲ್ಲಿ ಉಪ್ಪಿನಂಶವಿರುವುದರಿಂದ ಮಳೆ ನೀರಿನಲ್ಲಿ ಹಲವು ಸಲ ನೆನೆಸಿ ಹಿಂಡಬೇಕು. ಮರಳಿನ ಮೇಲೆ ವಿನೆಗರ್ ಹಾಕಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಬಿಟ್ಟುಬಿಡಿ. ಸಮುದ್ರದ ಮರಳು ಸಲ್ಲದು. ಕಾಂಪೋಸ್ಟ್, ಎರೆಗೊಬ್ಬರ, ಯೂರಿಯಾ ಚಿಟಿಕೆಯಷ್ಟೂ ಬೇಡ.

ನೀರು: ತೊಟ್ಟಿಯಿಂದ ನೀರು ಆವಿಯಾಗಿ ಹೋಗುತ್ತದೆ, ಲವಣಗಳು ಮಾತ್ರ ಉಳಿದು ದಿನೇ ದಿನೇ ಹೆಚ್ಚುತ್ತವೆ. ಆದುದರಿಂದ ಶುಚಿಯಾದ ಮಾಡಿನಿಂದ ಹಿಡಿದ ಮಳೆ ನೀರು ಅಥವಾ ಭಟ್ಟಿ ಇಳಿಸಿದ ನೀರನ್ನೇ ಬಳಸಿ. ಆರ್.ಓ. ನೀರಾದರೆ ಲವಣಾಂಶ ಲೀಟರಿಗೆ 50 ಮಿಲಿಗ್ರಾಂ ಮೀರದಿರಲಿ. ಗಡಸು ನೀರನ್ನು ಕುದಿಸಿ ಆರಿಸಿದರೂ ಅದರ ಲವಣವೆಲ್ಲ ಹೋಗುವುದಿಲ್ಲ. ಮೂಲೆಯಲ್ಲಿ ಒಂದು ಪೈಪ್ ತುಂಡನ್ನು ನೆಟ್ಟರೆ ತಳದ ನೀರಿನ ಮಟ್ಟ ಕಾಣುತ್ತದೆ. ಅದು 2ರಿಂದ 3 ಸೆಂ.ಮೀ. ಇರುವಂತೆ ನೋಡಿಕೊಳ್ಳಿ.

ಬೆಳಕು: ಮುಚ್ಚಿದ ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟರೆ ಒಳಗೆ ಗಿಡ ಬೇಯುತ್ತದೆ. ಪೂರ್ವದ ಕಿಟಕಿಯ ಬಳಿ, ಮುಚ್ಚಳ ತೆರೆದು, ಬೆಳಗಿನ ಎಳೆಬಿಸಿಲು ಬೀಳುವಂತೆ ಇಡಿ. ಬೆಳಕು ಸಾಲದಿದ್ದರೆ ಎಲ್‌ಇಡಿ ದೀಪವನ್ನು ದಿನಕ್ಕೆ 12ರಿಂದ 14 ಗಂಟೆ ಉರಿಸಿ. ರೋಮಗಳು ಕೆಂಪಾಗಿದ್ದು ಅಂಟು ಹೊಳೆಯುತ್ತಿದ್ದರೆ ಬೆಳಕು ಸಾಕಾಗಿದೆಯೆಂದು ತಿಳಿಯಬಹುದು.

ಬಿತ್ತನೆ ಮತ್ತು ಆಹಾರ: ಬೀಜ ಧೂಳಿನಷ್ಟು ಸಣ್ಣದು. ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚದೆ ಬಿಡಿ. ಗಿಡ ಬೆಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ಸಣ್ಣ ಇರುವೆ ಅಥವಾ ಸೊಳ್ಳೆಯೊಂದನ್ನು ಎಲೆಯ ಮೇಲಿಟ್ಟರೆ ಸಾಕು. ಮಾಂಸ, ಅನ್ನ ಇಟ್ಟರೆ ಎಲೆ ಕೊಳೆಯುತ್ತದೆ. ಹೂ ಬಿಟ್ಟು ಬೀಜವಾದ ಮೇಲೆ ಗಿಡ ಒಣಗುವುದು ಸಹಜ. ಬೀಜ ಕೂಡಿಟ್ಟು ಮತ್ತೆ ಬಿತ್ತಿ.

ಎಚ್ಚರಿಕೆ: ಬಯಲಿನ ಗಿಡಗಳನ್ನು ಕೀಳಬೇಡಿ. ಬೇರು ಹರಿದ ಗಿಡ ತೊಟ್ಟಿಯಲ್ಲಿ ಉಳಿಯುವುದು ಅಪರೂಪ, ಅದರ ಬೀಜ ಬಯಲಿಗೂ ಇಲ್ಲವಾಗುತ್ತದೆ. ಮಳೆಗಾಲ ಮುಗಿದ ಮೇಲೆ ನಿಮ್ಮ ಸ್ವಂತ ಜಮೀನಿನ ಗಿಡಗಳಿಂದ ಒಂದೆರಡು ಒಣ ಕಾಯಿ ತಂದರೆ ಸಾಕಷ್ಟು ಬೀಜ ಸಿಗುತ್ತದೆ. ಮೇಘಾಲಯದ ಹೂಜಿ ಗಿಡವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದುದು. ಕಾಡಿನಿಂದ ತಂದುದನ್ನು ಕೊಳ್ಳಬಾರದು.

ನಿಮ್ಮ ಹೊಲದ ಮೂಲೆಯಲ್ಲಿ ಡ್ರಾಸಿರಾ ತಾನಾಗಿ ಬೆಳೆದಿದ್ದರೆ ಅಲ್ಲಿ ನೀರು ಬಸಿಯುತ್ತಿಲ್ಲ, ಸಾರಜನಕ ಕಡಿಮೆಯಿದೆ ಎಂಬುದರ ಸೂಚನೆ ಅದು. ಅಲ್ಲಿ ಬೆಳೆ ಇಡುವ ಯೋಚನೆಯಿದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.